ವಸ್ತುಸಂಗ್ರಹಾಲಯದ ನೆನಪೂ ಹೇಮಾವತಿಯ ಕಲ್ಲುಗಳೂ

ನಮ್ಮ ತಾತನವರು ೧೯೬೦ರ ದಶಕದ ಕೊನೆಯಲ್ಲಿ ಕಂಚಿ-ರಾಮೇಶ್ವರಗಳ ಯಾತ್ರೆಗೆ ಹೋದಾಗ ದಾರಿಯಲ್ಲಿ ಮದರಾಸಿನಲ್ಲಿ ಎರಡು ದಿನ ತಂಗಿದ್ದರು. ಆ ಯಾತ್ರೆಯಲ್ಲಿ ಕಂಡ ದೇವಸ್ಥಾನಗಳೆಲ್ಲ ಕಾಲಕ್ರಮದಲ್ಲಿ ಅವರ ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತುಹೋದುವು. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿದ ತಿಮಿಂಗಿಲದ ಅಸ್ಥಿಪಂಜರ ಮಾತ್ರ ಕೊನೆಯವರೆಗೂ ಬಾಯಲ್ಲಿ ಉಳಿಯಿತು. ಹೇಳಿದಾಗಲೆಲ್ಲ ಅದು ಒಂದೊಂದು ಮೊಳ ಬೆಳೆಯುತ್ತಿತ್ತು. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಅದರ ಪಕ್ಕೆಲುಬುಗಳ ನಡುವೆ ಎತ್ತಿನ ಗಾಡಿ ಹೊಡೆಯಬಹುದಾಗಿತ್ತು. ಅದೇ ಆವರಣದಲ್ಲಿ ಮಡಕಶಿರಾ ಸೀಮೆಯ ಹೇಮಾವತಿಯಿಂದ ಹೋದ ನೊಳಂಬರ ಕಾಲದ ಶಿಲ್ಪಗಳಿದ್ದುವು. ತಾತನವರ ಊರಿನಿಂದ ಹೇಮಾವತಿಗೆ ಒಂದು ಹೊತ್ತಿನ ನಡಿಗೆ. ಆದರೂ ಆ ಶಿಲ್ಪಗಳ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನೋಡಲೇ ಇಲ್ಲವೋ, ನೋಡಿ ಮರೆತರೋ, ತಮ್ಮ ನೆರೆಯೂರಿನವೆಂದು ತಿಳಿಯಲಿಲ್ಲವೋ, ಕೇಳಬೇಕೆಂಬ ಬುದ್ಧಿ ನಮಗೆ ಬಂದಾಗ ಅವರು ಇರಲಿಲ್ಲ.

ಈ ಸಣ್ಣ ಸಂಗತಿಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಸಂಗ್ರಹಾಲಯಗಳ ಚರಿತ್ರೆಯನ್ನು ಅವುಗಳನ್ನು ಸ್ಥಾಪಿಸಿದವರ ಕಡೆಯಿಂದ ಬರೆಯುವುದು ವಾಡಿಕೆ. ನೋಡಿ ಬಂದವರು ಏನನ್ನು ಮನೆಗೆ ಕೊಂಡೊಯ್ದರು, ಕೊಂಡೊಯ್ದದ್ದರಲ್ಲಿ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಎಷ್ಟು ಉಳಿಯಿತು ಎಂಬುದೂ ಚರಿತ್ರೆಯ ವಿಷಯವೇ ಎಂದು ನಾವು ತಿಳಿದಿದ್ದೇವೆ.

ಮದರಾಸಿನ ಸಂಗ್ರಹಾಲಯ ಆರಂಭವಾದುದು ೧೮೫೧ರಲ್ಲಿ. ಅದರ ಮೊದಲ ಅಧಿಕಾರಿಯಾದ ವೈದ್ಯ ಎಡ್ವರ್ಡ್ ಬಾಲ್ಫರ್ ೧೮೫೫ರಲ್ಲಿ ಅಲ್ಲಿಯೇ ಜೀವಂತ ಪ್ರಾಣಿಗಳ ಸಂಗ್ರಹವನ್ನೂ ತೊಡಗಿಸಿದನು. ಜನ ಇವೆರಡಕ್ಕೂ ತಮ್ಮದೇ ಹೆಸರನ್ನಿಟ್ಟರು. ಸಂಗ್ರಹಾಲಯ ತಮಿಳರ ಬಾಯಲ್ಲಿ ‘ಸೆತ್ತ ಕಾಲೇಜು’, ಎಂದರೆ ಸತ್ತವುಗಳ ಕಾಲೇಜು. ಮೃಗಾಲಯ ‘ಉಯಿರ್ ಕಾಲೇಜು’, ಜೀವವುಳ್ಳ ಕಾಲೇಜು. ಕಲ್ಕತ್ತೆಯ ಸಂಗ್ರಹಾಲಯ ಅಲ್ಲಿಯ ಜನಕ್ಕೆ ‘ಜಾದೂಘರ್’ ಆಯಿತು. ಬೆಂಗಳೂರಿನ ಸಂಗ್ರಹಾಲಯಕ್ಕೂ ಬಾಲ್ಫರನೇ ಪ್ರೇರಕ. ಅದು ೧೮೬೫ರಲ್ಲಿ ದಂಡುಪ್ರದೇಶದ ಹಳೆಯ ಸೆರೆಮನೆಯ ಕಟ್ಟಡದಲ್ಲಿ ಆರಂಭವಾಗಿ, ೧೮೭೦ರ ದಶಕದ ಕೊನೆಗೆ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡಕ್ಕೆ ಹೋಯಿತು. ಮೊದಲಿದ್ದ ಬೀದಿಗೆ ಮಾತ್ರ ‘ಮ್ಯೂಸಿಯಂ ರಸ್ತೆ’ ಎಂಬ ಹೆಸರು ಹಾಗೆಯೇ ನಿಂತಿತು. ವಸ್ತು ಹೋದ ಮೇಲೂ ಹೆಸರು ಉಳಿಯುವುದು ಊರುಗಳ ನೆನಪಿನ ರೀತಿ. ಹೆಸರು ಹೋಗಿ ವಸ್ತು ಉಳಿಯುವುದು ಮನುಷ್ಯರ ನೆನಪಿನ ರೀತಿ.

ಈ ಎರಡನೆಯದಕ್ಕೆ ಎಲ್ಲರೂ ಬಲ್ಲ ಉದಾಹರಣೆಯೊಂದಿದೆ. ಮೈಸೂರು ಪ್ರವಾಸಕ್ಕೆ ಹೋದ ಮಕ್ಕಳು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ಮರೆಯುವುದೇ ಇಲ್ಲ. ಬೆರಳುಗಳ ಸಂದಿನಿಂದ ಬರುವ ಬೆಳಕನ್ನು ಮುದುಕರಾದ ಮೇಲೂ ವರ್ಣಿಸುತ್ತಾರೆ. ಬರೆದವರು ಯಾರೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ರವಿವರ್ಮನೆಂದೇ ಹೇಳಿಯಾರು. ರವಿವರ್ಮ ತೀರಿಕೊಂಡದ್ದು ೧೯೦೬ರಲ್ಲಿ. ಆ ಚಿತ್ರ ೧೯೪೦ರ ದಶಕದಲ್ಲಿ ಎಸ್. ಎಲ್. ಹಲ್ದಣಕರ್ ಬರೆದದ್ದು. ಹೆಸರಿನ ಚೀಟಿಯನ್ನು ಓದದೆ ಇದ್ದವರೇ ಹೀಗೆ ಹೇಳುತ್ತಾರೆಂದಲ್ಲ. ಓದಿದವರ ಮನಸ್ಸಿನಲ್ಲಿಯೂ ಕೆಲವು ವರ್ಷಗಳಲ್ಲಿ ಪರಿಚಿತವಾದ ಹೆಸರು ಬಂದು ಅಪರಿಚಿತವಾದುದನ್ನು ಹೊರಗೆ ತಳ್ಳುತ್ತದೆ.

ಉಪಾಧ್ಯಾಯರ ಟ್ರೈನಿಂಗಿನಲ್ಲಿ ಎಬಿಂಗ್‌ಹೌಸನ ಮರೆವಿನ ರೇಖೆಯನ್ನು ನಾವೆಲ್ಲ ಪರೀಕ್ಷೆಗಾಗಿ ಉರುಹೊಡೆದವರೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನಿಟ್ಟುಕೊಂಡು ಅವನು ೧೮೮೫ರಲ್ಲಿ ಪ್ರಕಟಿಸಿದ ಆ ರೇಖೆ ಪ್ರವಾಸದ ನೆನಪಿಗೆ ಅಷ್ಟಾಗಿ ಹೊಂದುವುದಿಲ್ಲ. ಹೊಂದುವುದು ಕೇಂಬ್ರಿಜ್ಜಿನ ಬಾರ್ಟ್‌ಲೆಟ್ ೧೯೩೨ರಲ್ಲಿ ಹೇಳಿದ ಮಾತು. ಆತ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಓದಿಸಿ, ಕಾಲಕಾಲಕ್ಕೆ ಅದನ್ನು ನೆನಪಿನಿಂದ ಬರೆಯಿಸಿದನು. ಅವರಿಗೆ ಪರಿಚಯವಿಲ್ಲದ ಭಾಗಗಳು ಉದುರಿಹೋದುವು, ಇಲ್ಲವೆ ಪರಿಚಯವಿದ್ದ ರೂಪಕ್ಕೆ ತಿರುಗಿದುವು. ನೆನಪೆಂಬುದು ಕಣಜದಲ್ಲಿ ಸುರಿದಿಟ್ಟ ಜೋಳವಲ್ಲ, ಬೇಕಾದಾಗಲೆಲ್ಲ ಹೊಸದಾಗಿ ಕಲಸಿ ತಟ್ಟುವ ರೊಟ್ಟಿ ಎಂದು ನಮ್ಮ ಕಡೆಯ ಮಾತಿನಲ್ಲಿ ಹೇಳಬಹುದು. ಸಂಗ್ರಹಾಲಯಗಳನ್ನೇ ಕುರಿತು ಅಮೆರಿಕದ ಫಾಕ್ ಮತ್ತು ಡಿಯರ್ಕಿಂಗ್ ಎಂಬವರು ೧೯೯೭ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಕ್ಕಳೂ ದೊಡ್ಡವರೂ ಸೇರಿ ೧೨೮ ಮಂದಿಯನ್ನು ಅವರ ಕೆಳತರಗತಿಯ ಶಾಲಾಪ್ರವಾಸದ ಬಗೆಗೆ ವಿಚಾರಿಸಿದಾಗ, ಬಹುಮಟ್ಟಿಗೆ ಎಲ್ಲರಿಗೂ ವರ್ಷಗಳ ಮೇಲೆಯೂ ಏನಾದರೊಂದು ನೆನಪಿತ್ತು.

ನಮ್ಮ ಸ್ವಂತ ಅನುಭವವನ್ನು ಮುಚ್ಚಿಡುವುದು ನ್ಯಾಯವಲ್ಲ. ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ನೋಡಿದ್ದೆವು. ಶಕ ೮೭೨, ಎಂದರೆ ಕ್ರಿ. ಶ. ೯೪೯–೫೦ರ ಆ ಕಲ್ಲಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದ ಯುದ್ಧವೂ ಬರುತ್ತವೆ. ಮಣಲೆರನೆಂಬ ವೀರ ಬಹುಮಾನವಾಗಿ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತುವು, ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಅದರ ಪೂಜೆಗೆಂದು ಭೂಮಿ ಬಿಟ್ಟರು. ಮೂರನೆಯ ಕೃಷ್ಣನನ್ನು ನಾವು ಮರೆತೆವು, ನಾಯಿಯನ್ನು ಮರೆಯಲಿಲ್ಲ. ಅದು ಕಾಲು ಮಡಚಿ ಒಡೆಯನ ಮುಂದೆ ಕುಳಿತಿರುವಂತೆ ಕೆತ್ತಿದ್ದಾರೆಂದು ಇಪ್ಪತ್ತು ವರ್ಷ ತರಗತಿಯಲ್ಲಿ ವರ್ಣಿಸಿದೆವು. ಮತ್ತೆ ಹೋಗಿ ನೋಡಿದಾಗ ಅಲ್ಲಿ ಒಡೆಯನೂ ಇಲ್ಲ, ಕುಳಿತ ನಾಯಿಯೂ ಇಲ್ಲ; ನಾಯಿ ಹಂದಿಯ ಮೇಲೆ ಬಿದ್ದು ಹೋರಾಡುತ್ತಿದೆ. ಕುಳಿತ ನಾಯಿ ನಮ್ಮ ಮನೆಯ ಹಿತ್ತಿಲಿನದು. ನಮ್ಮಿಂದ ಪಾಠ ಕೇಳಿದ ಎಷ್ಟು ಮಂದಿ ಆ ಹಿತ್ತಿಲ ನಾಯಿಯನ್ನೇ ಹತ್ತನೆಯ ಶತಮಾನದ್ದೆಂದು ನಂಬಿದ್ದಾರೋ!

ಗಡಿನಾಡಿನ ನಮಗೆ ಇದು ವಿನೋದದ ಮಾತಲ್ಲ. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು ೧೮೮೨ರಲ್ಲಿ. ಮಡಕಶಿರಾ ಅದರೊಂದಿಗೆ ಬಂತು. ರಾಯದುರ್ಗ ೧೯೫೩ರವರೆಗೆ ಬಳ್ಳಾರಿಯಲ್ಲಿಯೇ ಇದ್ದು, ಆಂಧ್ರರಾಜ್ಯ ರಚನೆಯಾದಾಗ ಈ ಕಡೆಗೆ ಸೇರಿತು. ೨೦೨೨ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿ ಬದಲಾದಾಗಲೆಲ್ಲ ಕಚೇರಿಯ ಕಾಗದಗಳು ಗಾಡಿ ಹತ್ತಿದುವು, ಆದರೆ ಮದರಾಸಿಗೆ ಹೋದ ಕಲ್ಲುಗಳು ಅಲ್ಲಿಯೇ ಉಳಿದುವು. ರಾಬರ್ಟ್ ಬ್ರೂಸ್ ಫುಟ್ ನಮ್ಮ ಬಳ್ಳಾರಿ-ಅನಂತಪುರಗಳ ಗುಡ್ಡಬಯಲುಗಳಲ್ಲಿ ಆಯ್ದ ಶಿಲಾಯುಗದ ಉಪಕರಣಗಳು ಅವನ ದೊಡ್ಡ ಸಂಗ್ರಹದೊಡನೆ ೧೯೦೪ರಲ್ಲಿ ಮದರಾಸಿನ ಸಂಗ್ರಹಾಲಯಕ್ಕೆ ಸೇರಿದುವು. ಅಲ್ಲಿಯ ನೊಳಂಬ ಶಿಲ್ಪಗಳನ್ನು ಕುರಿತು ಸಿ. ಶಿವರಾಮಮೂರ್ತಿಗಳು ೧೯೬೪ರಲ್ಲಿ ಪುಸ್ತಕವನ್ನೇ ಬರೆದರು. ಇನ್ನೂ ಹಿಂದೆ ಚೋಳರು ನೊಳಂಬರ ಕರಿಕಲ್ಲ ಕಂಬಗಳನ್ನು ಕಾವೇರಿಯ ದಡದ ತಿರುವೈಯಾರಿಗೆ ಸಾಗಿಸಿದ್ದರು. ಗೆದ್ದ ನೆನಪಿಗೆ ಅವರು ಒಯ್ದರು, ಶಾಸ್ತ್ರಕ್ಕಾಗಿ ಇವರು ಒಯ್ದರು. ಮದರಾಸಿನಲ್ಲಿ ಅವು ಸುರಕ್ಷಿತವಾಗಿವೆ, ವಿದ್ವಾಂಸರ ಕಣ್ಣಿಗೆ ಬಿದ್ದಿವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಚಿಂತೆ ಬೇರೆ. ಹೆಂಜೇರು ಎಂಬುದು ನೊಳಂಬರ ರಾಜಧಾನಿ, ಹೆಂಜೇರೇ ಇಂದಿನ ಹೇಮಾವತಿ, ನೊಳಂಬವಾಡಿ ಮೂವತ್ತೆರಡು ಸಾವಿರವೆಂಬ ನಾಡಿನಲ್ಲಿ ನಾವು ಹುಟ್ಟಿದ್ದೇವೆ ಎಂಬುದನ್ನು ತಿಳಿಯದ ಹುಡುಗ ಆ ಶಿಲ್ಪದ ಮುಂದೆ ನಿಂತರೂ ತಿಮಿಂಗಿಲವನ್ನೇ ಹೊತ್ತು ಮನೆಗೆ ಬರುತ್ತಾನೆ.

ನಾವು ಮೊದಲ ಸಲ ಮಕ್ಕಳನ್ನು ಮದರಾಸಿಗೆ ಕರೆದುಕೊಂಡು ಹೋದಾಗ ಆದದ್ದು ಅದೇ. ಹತ್ತು ವರ್ಷಗಳ ಮೇಲೆ ಆ ತಂಡದವರು ಸಿಕ್ಕಾಗ ಕೇಳಿದೆವು. ಹಳಸಿದ ಚಿತ್ರಾನ್ನ, ಕೆಟ್ಟು ನಿಂತ ಬಸ್ಸು, ಒಬ್ಬಳ ಕಳೆದುಹೋದ ಚಪ್ಪಲಿ, ಸಮುದ್ರ, ತಿಮಿಂಗಿಲ. ಹೇಮಾವತಿಯ ಕಲ್ಲು? “ಅಲ್ಲಿ ನಮ್ಮ ಕಡೇದು ಏನಿತ್ತು ಸಾರ್?” ಎಂದು ಅವರೇ ನಮ್ಮನ್ನು ಕೇಳಿದರು.

ಮುಂದಿನ ಸಲ ಕ್ರಮ ಬದಲಾಯಿಸಿದೆವು. ಮೊದಲು ಹೇಮಾವತಿಗೇ ಹೋದೆವು. ದೊಡ್ಡೇಶ್ವರನ ಗುಡಿಯ ಕಲ್ಲುಜಾಲಂಧ್ರಗಳ ಬೆಳಕಿನಲ್ಲಿ ಮಕ್ಕಳನ್ನು ಕೂರಿಸಿ, ನುಣುಪಾದ ಕಂಬಗಳ ಮೇಲೆ ಅಂಗೈ ಆಡಿಸಲು ಹೇಳಿದೆವು. ಪಾಠ ಹೆಚ್ಚು ಮಾಡಲಿಲ್ಲ. ಇದರ ಒಡಹುಟ್ಟಿದವು ಮದರಾಸಿನಲ್ಲಿವೆ, ಗುರುತಿಸಿರಿ ಎಂದಷ್ಟೇ ಹೇಳಿದೆವು. ತಿಂಗಳ ಮೇಲೆ ಎಗ್ಮೋರಿನಲ್ಲಿ ಅವರೇ ಹುಡುಕಿದರು. ಒಬ್ಬ ಹುಡುಗ ಶಿಲ್ಪವನ್ನು ಮುಟ್ಟಲು ಹೋಗಿ ಕಾವಲುಗಾರನಿಂದ ಬೈಸಿಕೊಂಡ. ಇದು ಸಂಶೋಧನೆಯಲ್ಲ, ಎರಡು ಪ್ರವಾಸಗಳ ಅನುಭವ ಮಾತ್ರ. ಎರಡನೆಯ ತಂಡದ ಮಕ್ಕಳು ಜಾಣರಿದ್ದರೆಂದು ಯಾರಾದರೂ ಅಂದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಆ ತಂಡದವರನ್ನು ಈಗ ಕೇಳಿದರೆ ಹಳಸಿದ ಚಿತ್ರಾನ್ನದ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ನಮ್ಮೂರ ಕಲ್ಲನ್ನು ಅಲ್ಲಿ ಮುಟ್ಟಗೊಡಲಿಲ್ಲ. ಅರಸನ ಹೆಸರು, ಶತಮಾನ ಯಾರಿಗೂ ನೆನಪಿಲ್ಲ. ಕಲ್ಲಿನ ತಣ್ಣನೆಯ ನುಣುಪು ನೆನಪಿದೆ.

ಬೈಸಿಕೊಂಡ ಆ ಹುಡುಗ ಈಗ ರಾಯದುರ್ಗದಿಂದ ಹೊಲಿದ ಪ್ಯಾಂಟುಗಳ ಮೂಟೆ ಸಾಗಿಸುವ ಲಾರಿಯ ಡ್ರೈವರು. ಕಳೆದ ವರ್ಷ ಶಾಲೆಗೆ ಬಂದು, ಚೆನ್ನೈಯಲ್ಲಿ ಮಾಲು ಇಳಿಸಿ ಕ್ಲೀನರನ್ನು ಕರೆದುಕೊಂಡು ಎಗ್ಮೋರಿಗೆ ಹೋಗಿದ್ದುದನ್ನು ಹೇಳಿದ. ಅಂದು ಶುಕ್ರವಾರ, ಸಂಗ್ರಹಾಲಯಕ್ಕೆ ರಜೆ. ಗೇಟಿನ ಹೊರಗೆ ನಿಂತೇ ಕ್ಲೀನರಿಗೆ ಎಲ್ಲವನ್ನೂ ವಿವರಿಸಿದನಂತೆ. ಶಿಲ್ಪ ಆಳೆತ್ತರಕ್ಕಿಂತ ದೊಡ್ಡದು ಎಂದು ಅವನು ಕೈಯೆತ್ತಿ ತೋರಿಸಿದ. ನಮಗೆ ತಾತನವರ ತಿಮಿಂಗಿಲದ ನೆನಪಾಯಿತು, ತಿದ್ದಲು ಹೋಗಲಿಲ್ಲ. ಗುರುವಾರ ಹೊರಡುವ ಲೋಡನ್ನು ಇನ್ನು ಮುಂದೆ ಬುಧವಾರಕ್ಕೆ ಕೇಳಿಕೊಳ್ಳುವೆನೆಂದು ಹೇಳಿ ಹೋದ.