ಉರಿಯುವ ಅಟ್ಟಣಿಗೆ: ನೋಕಿಯಾ ನೌಕರರು ತಮ್ಮ ಮುಖ್ಯಸ್ಥರನ್ನು ಅಳೆದ ಬಗೆ (2010–2014)

ಗಡಿನಾಡಿನ ಕನ್ನಡಿಗರ ಬಗ್ಗೆ ಮಾತಾಡುವ ಕಡೆ ಫಿನ್ಲೆಂಡಿನ ಕಂಪನಿ ಯಾಕೆ ಬಂತು ಅಂತ ನಿಮಗೆ ಅನ್ನಿಸಬಹುದು. ಕಾರಣ ನನ್ನ ಚಿಕ್ಕಮ್ಮ. ನಮ್ಮದು ತಾಳವಾಡಿ ಕಡೆ ಊರು. ಚಿಕ್ಕಮ್ಮ ಘಾಟಿ ಇಳಿದು ಹೋಗಿ ಆರು ವರ್ಷ ಒಂದು ನೂಲಿನ ಮಿಲ್ಲಿನಲ್ಲಿ ದುಡಿದರು. ಆಮೇಲೆ ಆ ಮಿಲ್ಲು ಮುಚ್ಚಿಹೋಯಿತು. ಮಾಲೀಕರು ಹೇಗಿದ್ದರು ಅಂತ ಒಮ್ಮೆ ಕೇಳಿದೆ. "ಓನರ್ ಮೊಕ ಯಾರ್ ಕಂಡವ್ರೆ ಮಗ? ನಾವ್ ಕಂಡಿದ್ದು ಸೂಪರ್‌ವೈಸರ್‌ನ" ಅಂದರು. ಸಂಸ್ಥೆಯೊಂದು ಕುಸಿಯುವಾಗ ಅದರ ನಾಯಕನ ಬಗ್ಗೆ ತೀರ್ಪು ಕೊಡೋದು ಯಾರು? ಚರಿತ್ರೆಯಲ್ಲಿ ದಾಖಲಾಗೋದು ಯಾರ ತೀರ್ಪು? ಈ ಪ್ರಶ್ನೆ ಹಿಡಿದು ನೋಕಿಯಾದ ಕಥೆಯನ್ನು ಓದಿದ್ದೇನೆ.

ಮೈಕ್ರೋಸಾಫ್ಟ್‌ನಲ್ಲಿದ್ದ ಸ್ಟೀಫನ್ ಎಲೋಪ್ 2010ರ ಸೆಪ್ಟೆಂಬರಿನಲ್ಲಿ ನೋಕಿಯಾದ ಮುಖ್ಯಸ್ಥರಾದರು. ಕೆನಡಾ ದೇಶದವರು; ಆ ಹುದ್ದೆಗೆ ಹೊರದೇಶದಿಂದ ಬಂದವರಲ್ಲಿ ಮೊದಲಿಗರು. ಬಂದ ಕೂಡಲೇ ನೌಕರರಿಗೆಲ್ಲ ಇಮೇಲ್ ಕಳಿಸಿ, ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು, ನನ್ನ ಕಣ್ಣಿಗೆ ಬೀಳದೆ ಹೋಗುವುದು ಏನು ಎಂದು ಕೇಳಿದರು. ಇದು ಒಳ್ಳೆಯ ಆರಂಭವೇ.

ಆದರೆ 2011ರ ಫೆಬ್ರವರಿಯಲ್ಲಿ ಅವರು ಬರೆದ ಸುತ್ತೋಲೆ ಈ ಕಥೆಯ ದಿಕ್ಕನ್ನೇ ಬದಲಿಸಿತು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಅದು ಒಂದು ದೃಷ್ಟಾಂತ ಕಥೆಯಾಗಿ ಕಾಣುತ್ತದೆ. ಉತ್ತರ ಸಮುದ್ರದ ನಡುವೆ ತೈಲ ತೆಗೆಯುವ ಅಟ್ಟಣಿಗೆಗೆ ಬೆಂಕಿ ಬಿದ್ದಿದೆ. ಅಲ್ಲೊಬ್ಬ ಮನುಷ್ಯ ನಿಂತಿದ್ದಾನೆ. ಅಲ್ಲೇ ಉಳಿದರೆ ಸುಟ್ಟುಹೋಗುತ್ತಾನೆ, ಕೆಳಗೆ ನೋಡಿದರೆ ಹಿಮದಂಥ ನೀರು. ಅವನು ಹಾರುತ್ತಾನೆ. ನಾವೂ ಅಂಥದ್ದೇ ಅಟ್ಟಣಿಗೆಯ ಮೇಲಿದ್ದೇವೆ ಅನ್ನುವುದು ಎಲೋಪ್ ಅವರ ಮಾತಿನ ಸಾರ. ಸುತ್ತೋಲೆ ಪತ್ರಿಕೆಗಳಿಗೆ ಸೋರಿಹೋಯಿತು. ಫೆಬ್ರವರಿ 11ರಂದು ಸ್ವಂತ ಸಿಂಬಿಯನ್ ತಂತ್ರಾಂಶವನ್ನು ಹಿಂದಕ್ಕೆ ಸರಿಸಿ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಹಿಡಿಯುವ ಘೋಷಣೆ ಬಂತು.

ಅದೇ ದಿನ ಟಾಂಪೆರೆ ನಗರದ ಕಚೇರಿಯಿಂದ ಸುಮಾರು ಸಾವಿರ ಮಂದಿ ಕೆಲಸ ಬಿಟ್ಟು ಹೊರನಡೆದರೆಂದು ವರದಿಯಾಯಿತು. ಅದು ನೌಕರರ ಮೊದಲ ತೀರ್ಪು. ಮೀಗೋ ತಂತ್ರಾಂಶದಲ್ಲಿ ದುಡಿದ ಕೆಲವರು ಹೊರಬಂದು ಯೊಲ್ಲಾ ಎಂಬ ಕಂಪನಿ ಕಟ್ಟಿ, ಕೈಬಿಟ್ಟ ಕೆಲಸವನ್ನೇ ಮುಂದುವರಿಸಿದರು. ಅದನ್ನು ಮಾತಿಲ್ಲದ ತೀರ್ಪು ಅಂತ ಓದಬಹುದು. ಎಂಜಿನಿಯರುಗಳ ಆಕ್ಷೇಪದಲ್ಲಿ ತರ್ಕವೂ ಇತ್ತು. ಅಂಗಡಿಯಲ್ಲಿರುವ ಸರಕು ಸುಡುತ್ತಿದೆ ಅಂತ ಮಾಲೀಕರೇ ಸಾರಿದರೆ ಕೊಳ್ಳೋರು ಯಾರು? ಹೊಸ ಲೂಮಿಯಾ ಫೋನು ಮಾರುಕಟ್ಟೆಗೆ ಬಂದಿದ್ದು ವರ್ಷದ ಕೊನೆಗೆ. ನಡುವಿನ ತಿಂಗಳುಗಳಲ್ಲಿ ಹಾರಿದವನಿಗೆ ಹಿಡಿದುಕೊಳ್ಳಲು ದೋಣಿಯೇ ಇರಲಿಲ್ಲ.

ಎರಡನೆಯ ಊರು ಸಾಲೋ. 2012ರ ಜೂನ್‌ನಲ್ಲಿ 10,000 ಉದ್ಯೋಗ ಕಡಿತ ಘೋಷಣೆಯಾಯಿತು. ಸಾಲೋದ ಕಾರ್ಖಾನೆಯೂ ಮುಚ್ಚಿತು. 2013ರ ಸೆಪ್ಟೆಂಬರಿನಲ್ಲಿ ಫೋನ್ ವ್ಯವಹಾರವನ್ನು 544 ಕೋಟಿ ಯೂರೊಗೆ ಮೈಕ್ರೋಸಾಫ್ಟ್‌ಗೆ ಮಾರುವ ಒಪ್ಪಂದವಾಯಿತು. ಎಲೋಪ್ ಅವರಿಗೆ 1.8 ಕೋಟಿ ಯೂರೊ ಮೀರಿದ ಹಣ ಸಿಗುತ್ತದೆ ಅಂತ ತಿಳಿದಾಗ ಫಿನ್ಲೆಂಡ್ ಕೆರಳಿತು. ಶತ್ರುಪಾಳಯ ಒಳಗೆ ಕಳಿಸಿದ ಮರದ ಕುದುರೆ ಇವರು ಅನ್ನುವ ಮಾತು ಹಬ್ಬಿತು.

ಇಲ್ಲಿ ಸ್ವಲ್ಪ ತಡೆಯಬೇಕು. 'ಒಪೆರಾತಿಯೋ ಎಲೋಪ್' (2014) ಎಂಬ ಪುಸ್ತಕಕ್ಕಾಗಿ ಇಬ್ಬರು ಫಿನ್ನಿಶ್ ಪತ್ರಕರ್ತರು ನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅವರು ಎಲೋಪ್ ಅವರ ನಾಯಕತ್ವವನ್ನು ಕಟುವಾಗಿ ಟೀಕಿಸಿದರೂ ಮರದ ಕುದುರೆಯ ವಾದವನ್ನು ಒಪ್ಪಲಿಲ್ಲ. ಟಿಮೊ ವುವೊರಿ ಮತ್ತು ಕೀ ಹುಯ್ 76 ಸಂದರ್ಶನಗಳ ಮೇಲೆ ನಡೆಸಿದ ಅಧ್ಯಯನ ಇನ್ನೂ ಹಿಂದಕ್ಕೆ, 2005–2010ರ ಕಾಲಕ್ಕೆ ಹೋಗುತ್ತದೆ. ಮೇಲಿನವರ ಸಿಟ್ಟಿಗೆ ಹೆದರಿ ಮಧ್ಯಮ ಹಂತದ ಅಧಿಕಾರಿಗಳು ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಿದ್ದರು ಅಂತ ಅದು ತೋರಿಸುತ್ತದೆ. ಅಂದರೆ ಎಲೋಪ್ ಬರುವ ಮೊದಲೇ ಬೆಂಕಿ ಹತ್ತಿತ್ತು, ಅದನ್ನು ಹೇಳೋ ಧೈರ್ಯ ಇರಲಿಲ್ಲ. ಬೆಂಕಿ ಇದೆ ಅಂತ ಬಾಯಿಬಿಟ್ಟು ಹೇಳಿದವರ ಮೇಲೇ ಬೆಂಕಿ ಹಚ್ಚಿದ ಆರೋಪವೂ ಬಿತ್ತು. ಹಾಗಂತ ಅವರು ಹಾರಲು ಹೇಳಿದ ದಿಕ್ಕು ಸರಿಯಿತ್ತು ಅಂತ ಆಗೋದಿಲ್ಲ. ಎರಡನ್ನೂ ಬೇರೆಬೇರೆಯಾಗಿ ತೂಗಬೇಕು.

ಇನ್ನು ನಮಗೆ ಹತ್ತಿರದ ಊರು, ಚೆನ್ನೈ ಬಳಿಯ ಶ್ರೀಪೆರಂಬದೂರು. 2006ರಲ್ಲಿ ಶುರುವಾದ ಕಾರ್ಖಾನೆ ಸಾವಿರಾರು ಯುವಕ ಯುವತಿಯರಿಗೆ ಕೆಲಸ ಕೊಟ್ಟಿತ್ತು. ಭಾರತದಲ್ಲಿನ ತೆರಿಗೆ ವಿವಾದದಿಂದಾಗಿ ಅದು 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ಗೆ ಹಸ್ತಾಂತರವಾಗಲಿಲ್ಲ. ನವೆಂಬರ್ 1ಕ್ಕೆ ಉತ್ಪಾದನೆ ನಿಂತಿತು. ಇಲ್ಲಿನ ಕಾರ್ಮಿಕರು ಕೆಲಸ ಉಳಿಸಿ ಅಂತ ಬೀದಿಗಿಳಿದರು. ನಾನು ಓದಿದ ವರದಿಗಳಲ್ಲಿ ಅವರ ಬೇಡಿಕೆ ಸರ್ಕಾರ, ತೆರಿಗೆ, ಪರಿಹಾರದ ಮೊತ್ತ ಇವುಗಳ ಸುತ್ತ ಇದೆ. ಅಟ್ಟಣಿಗೆಯ ಕಥೆ ಆ ವರದಿಗಳಲ್ಲಿ ಸಿಗಲಿಲ್ಲ.

ನನ್ನ ವಾದ ಇಷ್ಟೇ: ನಾಯಕನನ್ನು ಅಳೆಯಲು ಅವನ ಪತ್ರ ಓದುವಷ್ಟು ಹತ್ತಿರ ಇರಬೇಕಾಗುತ್ತದೆ. ಟಾಂಪೆರೆಯವರು ಓದಿದರು, ಉತ್ತರ ಕೊಟ್ಟರು, ಪುಸ್ತಕಗಳಲ್ಲಿ ಉಳಿದರು. ಶ್ರೀಪೆರಂಬದೂರಿನವರು ಒಂದು ಸಂಖ್ಯೆಯಾಗಿ ಉಳಿದರು. ತಾಳವಾಡಿಯವರಾದ ನಮಗೆ ಇದು ಹೊಸದಲ್ಲ. ಚೆನ್ನೈಯಲ್ಲಿ ಬರೆದ ಚರಿತ್ರೆಯಲ್ಲೂ ಬೆಂಗಳೂರಲ್ಲಿ ಬರೆದದ್ದರಲ್ಲೂ ನಾವು ಅಂಚಿನಲ್ಲೇ ಬರುತ್ತೇವೆ. ಚಿಕ್ಕಮ್ಮನ ಮಾತನ್ನು ನಾನು ಮೊದಲು ತಿಳಿಯದವರ ಮಾತು ಅಂದ್ಕೊಂಡಿದ್ದೆ. ಈಗ ಅದೂ ಒಂದು ತೀರ್ಪು ಅನ್ನಿಸುತ್ತದೆ: ಆರು ವರ್ಷದಲ್ಲಿ ಒಮ್ಮೆಯೂ ಮುಖ ತೋರಿಸದ ಮಾಲೀಕನ ಬಗ್ಗೆ ಅವರು ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದಾರೆ. ನಮ್ಮ ಕಡೆಯಿಂದ ಮಿಲ್ಲಿಗೆ ಹೋಗಿ ಬಂದ ಹೆಂಗಸರ ಮಾತನ್ನು ಅವರದೇ ಕನ್ನಡದಲ್ಲಿ ದಾಖಲಿಸುವ ಕೆಲಸ ಶುರುಮಾಡಬೇಕು ಅಂತಿದ್ದೇನೆ. ಏನು ಕೇಳಬೇಕು, ಹೇಗೆ ಕೇಳಬೇಕು ಅನ್ನೋದಕ್ಕೆ ನಿಮ್ಮ ಸಲಹೆ ಬೇಕು.