ಸಾಲು ತಪ್ಪಿದ ಚುಕ್ಕಿಯ ಹಿಂದೆ ಒಂದು ಬರಗಾಲ

ಅಂಕಿಗಳನ್ನು ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದಾಗ ಕಣ್ಣಿಗೆ ಬೀಳದ ಸಂಗತಿ, ಅವನ್ನೇ ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳಾಗಿ ಇಟ್ಟಾಗ ಎದ್ದು ಕಾಣುತ್ತದೆ. ಸ್ಕ್ಯಾಟರ್ ಪ್ಲಾಟ್ ಎಂದು ಕರೆಯಲಾಗುವ ಈ ಚುಕ್ಕಿ ನಕ್ಷೆಯಲ್ಲಿ ಉಳಿದವುಗಳ ಜೊತೆ ಸೇರದೆ ದೂರ ನಿಂತ ಚುಕ್ಕಿಗೆ ಔಟ್‌ಲಯರ್ ಎಂದು ಹೆಸರು. ಮಿಡ್ಲ್ ಸ್ಕೂಲಿನ ಮಕ್ಕಳೂ ಅದನ್ನು ಬೆರಳಿಟ್ಟು ತೋರಿಸಬಲ್ಲರು. ಆದರೆ ತೋರಿಸಿದ ಮೇಲೆ ಅದನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಹಳೆಯ ಮೈಸೂರು ಸಂಸ್ಥಾನದ ಜನಗಣತಿಯಲ್ಲಿ ಒಂದು ಮನಕಲಕುವ ಉತ್ತರವಿದೆ.

ಸಂಸ್ಥಾನದಲ್ಲಿ 1871ರಿಂದ 1941ರವರೆಗೆ ಎಂಟು ಜನಗಣತಿಗಳು ನಡೆದವು. ಹಿಂದಿನವರು ಇದನ್ನು ಖಾನೇಷುಮಾರಿ ಎನ್ನುತ್ತಿದ್ದರು. ಜನಸಂಖ್ಯೆ 1871ರಲ್ಲಿ 50.6 ಲಕ್ಷ, 1881ರಲ್ಲಿ 41.9 ಲಕ್ಷ, 1891ರಲ್ಲಿ 49.4 ಲಕ್ಷ, 1901ರಲ್ಲಿ 55.4 ಲಕ್ಷ, 1911ರಲ್ಲಿ 58.1 ಲಕ್ಷ, 1921ರಲ್ಲಿ 59.8 ಲಕ್ಷ, 1931ರಲ್ಲಿ 65.6 ಲಕ್ಷ, 1941ರಲ್ಲಿ 73.3 ಲಕ್ಷ.

ಗ್ರಾಫ್ ಹಾಳೆಯ ಅಡ್ಡಗೆರೆಯಲ್ಲಿ ಇಸವಿಯನ್ನೂ ನಿಲುಗೆರೆಯಲ್ಲಿ ಜನಸಂಖ್ಯೆಯನ್ನೂ ಗುರುತಿಸಿ ಎಂಟು ಚುಕ್ಕಿ ಇಡಬೇಕು. 1881ರಿಂದ ಮುಂದಿನ ಏಳು ಚುಕ್ಕಿಗಳು ಎಡದಿಂದ ಬಲಕ್ಕೆ ಮೇಲೇರುತ್ತ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅವುಗಳ ನಡುವೆ ಹಾಯುವಂತೆ ಸ್ಕೇಲಿಟ್ಟು ಗೆರೆ ಎಳೆದರೆ ಯಾವ ಚುಕ್ಕಿಯೂ ಗೆರೆಯಿಂದ ಎರಡೂವರೆ ಲಕ್ಷಕ್ಕಿಂತ ಹೆಚ್ಚು ದೂರ ಹೋಗುವುದಿಲ್ಲ. ಅದೇ ಗೆರೆಯನ್ನು ಹಿಂದಕ್ಕೆ 1871ರವರೆಗೆ ಎಳೆದರೆ ಅದು ಸುಮಾರು 39 ಲಕ್ಷದ ಬಳಿ ಮುಟ್ಟುತ್ತದೆ. ಆದರೆ 1871ರ ಚುಕ್ಕಿ ಇರುವುದು 50.6 ಲಕ್ಷದ ಮೇಲೆ. ಅಂದರೆ ಅದು ಗೆರೆಗಿಂತ ಹನ್ನೆರಡು ಲಕ್ಷದಷ್ಟು ಮೇಲಿದೆ. ಸಾಲು ತಪ್ಪಿದ ಚುಕ್ಕಿ ಅದೇ.

ಇಲ್ಲಿ ಎರಡು ಅಂಶ ಗಮನಿಸಬೇಕು. ಎಲ್ಲಕ್ಕಿಂತ ಎತ್ತರದಲ್ಲಿರುವುದು 1941ರ ಚುಕ್ಕಿಯಾದರೂ ಅದು ಸಾಲಿನಲ್ಲೇ ಇದೆ. ತುದಿಯಲ್ಲಿರುವ ಚುಕ್ಕಿಗಳೆಲ್ಲ ಔಟ್‌ಲಯರ್ ಅಲ್ಲ. ಇನ್ನೊಂದು, 50.6 ಲಕ್ಷ ಎಂಬ ಸಂಖ್ಯೆಯಲ್ಲಿ ವಿಚಿತ್ರವೇನೂ ಇಲ್ಲ. 1891 ಮತ್ತು 1901ರ ನಡುವೆ ಸಂಸ್ಥಾನದ ಜನಸಂಖ್ಯೆ ಅಷ್ಟಿತ್ತು. ಅಷ್ಟು ಜನ 1871ರಲ್ಲೇ ಇದ್ದರೆಂಬುದು ಮಾತ್ರ ಹೊಂದುವುದಿಲ್ಲ. ಬಿಡಿ ಸಂಖ್ಯೆಯನ್ನು ನೋಡಿದರೆ ಸಾಲದು, ಜೋಡಿಯನ್ನು ನೋಡಬೇಕು.

ತಪ್ಪು ಯಾರದು?

ಹಾಗಾದರೆ 1871ರ ಎಣಿಕೆಯೇ ತಪ್ಪಿರಬೇಕು ಎಂದು ಯಾರಿಗಾದರೂ ತೋರಬಹುದು. ಅದು ಸಂಸ್ಥಾನದಲ್ಲಿ ಕ್ರಮಬದ್ಧವಾಗಿ ನಡೆದ ಮೊದಲ ಜನಗಣತಿ, ಎಣಿಸಿದವರು ಹೊಸಬರು. ಆ ಒಂದು ಚುಕ್ಕಿಯನ್ನು ಅಳಿಸಿಬಿಟ್ಟರೆ ನಕ್ಷೆ ನೇರವಾಗುತ್ತದೆ. ಮೈಸೂರಿನ ಜನ ಎಂದೂ ತಡೆಯಿಲ್ಲದೆ ಹೆಚ್ಚುತ್ತ ಬಂದರು ಎಂದು ಓದಿಕೊಳ್ಳಬಹುದು.

ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲೂ ಸಂಕಟ ತೀರಲಿಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಈ ಕ್ಷಾಮ ಹಸಿವು ಮತ್ತು ರೋಗಗಳಿಂದ ಊರೂರುಗಳನ್ನು ಬರಿದು ಮಾಡಿತು. 1871ರಲ್ಲಿ 50,55,412 ಇದ್ದ ಜನ 1881ರಲ್ಲಿ 41,86,188ಕ್ಕೆ ಇಳಿದರು. ಹತ್ತು ವರ್ಷದಲ್ಲಿ 8,69,224 ಮಂದಿ ಕಡಿಮೆ, ಅಂದರೆ ಆರರಲ್ಲಿ ಒಬ್ಬರು. ಇದರಲ್ಲಿ ಊರು ಬಿಟ್ಟು ಹೋದವರೂ ಸೇರಿರಬಹುದು. ಆದರೆ ಬರ ಬಾರದಿದ್ದರೆ ಜನಸಂಖ್ಯೆ ಹೆಚ್ಚಬೇಕಿತ್ತೆಂಬುದನ್ನೂ ಮರೆಯುವಂತಿಲ್ಲ.

1871ರ ಲೆಕ್ಕ ಸರಿಯೆಂಬುದಕ್ಕೆ ಸಂಸ್ಥಾನದ ಹೊರಗೂ ಸಾಕ್ಷ್ಯವಿದೆ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲೂ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲೂ ಅದೇ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಬಹಳವಾಗಿ ಕುಸಿದಿತ್ತು. ಮೂರು ಬೇರೆ ಬೇರೆ ಆಡಳಿತಗಳು ತಂತಮ್ಮ ನೌಕರರಿಂದ ಎಣಿಸಿದ ಲೆಕ್ಕ ಒಂದೇ ದಿಕ್ಕಿಗೆ ಬೊಟ್ಟು ಮಾಡಿದಾಗ ಅದನ್ನು ಬರವಣಿಗೆಯ ತಪ್ಪೆನ್ನಲಾಗದು.

ಮಂಡ್ಯ ಸೀಮೆಯಲ್ಲಿ ನೆಲದ ಮೇಲೇ ಇದರ ಗುರುತಿದೆ. ಇಂದು ಕಬ್ಬು, ಭತ್ತ ಬೆಳೆಯುವ ಈ ಪ್ರದೇಶ ಆಗ ಬಹುಮಟ್ಟಿಗೆ ಮಳೆ ಮತ್ತು ಕೆರೆಗಳನ್ನೇ ನಂಬಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಬರಲು ಇನ್ನೂ ಅರ್ಧ ಶತಮಾನವಿತ್ತು. ಹಸಿದವರಿಗೆ ಕೂಲಿ ಒದಗಿಸಲು ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗವೂ ಒಂದು. 1882ರಲ್ಲಿ ಮೈಸೂರು ತಲುಪಿದ ಈ ಮಾರ್ಗದಲ್ಲೇ ಮಂಡ್ಯ ದಾಟಿದ ಮೇಲೆ ಯಲಿಯೂರು ನಿಲ್ದಾಣ ಸಿಗುತ್ತದೆ. ಬರಗಾಲದ ಆ ಹಾದಿಯಲ್ಲೇ ಇಂದಿಗೂ ರೈಲುಗಳು ಓಡುತ್ತಿವೆ.

ಹಳೆಯ ಜಗಳ

ಸಾಲು ತಪ್ಪಿದ ಅಂಕಿಯನ್ನು ಬಿಡಬೇಕೆ, ಉಳಿಸಿಕೊಳ್ಳಬೇಕೆ ಎಂಬ ಜಗಳ ಖಗೋಳ ವಿಜ್ಞಾನಿಗಳಲ್ಲಿ ಮೊದಲೇ ಇತ್ತು. ಇಂಗ್ಲೆಂಡಿನ ಜಾನ್ ಹರ್ಷೆಲ್ 1833ರಲ್ಲಿ ಜೋಡಿ ನಕ್ಷತ್ರಗಳ ಚಲನೆಯನ್ನು ಚುಕ್ಕಿಗಳಲ್ಲಿ ಗುರುತಿಸಿ, ಅವುಗಳ ನಡುವೆ ಕಣ್ಣಂದಾಜಿನಿಂದ ಗೆರೆ ಎಳೆದರು. ಅಮೆರಿಕದ ಬೆಂಜಮಿನ್ ಪೀರ್ಸ್ 1852ರಲ್ಲಿ ಸಂಶಯಾಸ್ಪದ ಅಂಕಿಗಳನ್ನು ಕೈಬಿಡಲು ಒಂದು ಗಣಿತ ಸೂತ್ರವನ್ನೇ ರಚಿಸಿದರು. ಬರೀ ಸೂತ್ರದ ಬಲದಿಂದ ಕಂಡದ್ದನ್ನು ಕಾಣಲಿಲ್ಲವೆನ್ನುವುದು ಸಲ್ಲದೆಂದು ಇಂಗ್ಲೆಂಡಿನ ಜಾರ್ಜ್ ಏರಿ ಅದನ್ನು ವಿರೋಧಿಸಿದರು.

ಮೈಸೂರಿನ ಎಂಟು ಚುಕ್ಕಿಗಳು ಏರಿಯವರ ಮಾತನ್ನು ಎತ್ತಿ ಹಿಡಿಯುತ್ತವೆ. ಯಾವ ಚುಕ್ಕಿ ದೂರವಿದೆ ಎಂಬುದನ್ನು ಸ್ಕೇಲು ಹೇಳುತ್ತದೆ. ಏಕೆ ದೂರವಿದೆ ಎಂಬುದನ್ನು ಹೇಳಲಾರದು. ಇಲ್ಲಿ ಚುಕ್ಕಿಗಳಾವುವೂ ಸುಳ್ಳಲ್ಲ. ಒಡಕು ಇರುವುದು ಮೊದಲ ಎರಡು ಚುಕ್ಕಿಗಳ ನಡುವಿನ ಖಾಲಿ ಜಾಗದಲ್ಲಿ. ಸಾಲಿನೊಳಗೇ ಇರುವ 1921ರ ಚುಕ್ಕಿ ಗೆರೆಗಿಂತ ತುಸು ಕೆಳಗಿಳಿದಿರುವುದಕ್ಕೂ ಕಾರಣವಿದೆ. 1918ರ ಇನ್‌ಫ್ಲುಯೆಂಜಾ ಆ ದಶಕದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತ್ತು.

ಮಕ್ಕಳಿಗೆ ಔಟ್‌ಲಯರ್ ಗುರುತಿಸಲು ಕಲಿಸುವ ಶಿಕ್ಷಕರು ಅದರ ಜೊತೆಗೆ ಮೂರು ಪ್ರಶ್ನೆ ಕೇಳುವುದನ್ನೂ ಕಲಿಸಬೇಕು. ಬರೆದುಕೊಳ್ಳುವಾಗ ಅಂಕಿ ತಪ್ಪಿತೇ? ಎಲ್ಲ ಸಲವೂ ಎಣಿಸಿದ್ದು ಅದೇ ಪ್ರದೇಶವನ್ನೇ? ಎರಡೂ ಸರಿಯಿದ್ದರೆ ಆ ನಡುವೆ ನಡೆದದ್ದೇನು? ಮೂರನೆಯ ಪ್ರಶ್ನೆ ಕೇಳುವ ಮೊದಲೇ ರಬ್ಬರು ಕೈಗೆತ್ತಿಕೊಂಡರೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರ ಕೊರತೆ ಯಾರ ಗಮನಕ್ಕೂ ಬಾರದೆ ಹೋಗುತ್ತದೆ.