ಕಲಿಸುವವರು ಮತ್ತು ಆರಿಸುವವರು: ಶಾಲಾ ತಂಡಗಳಲ್ಲಿ ಪೋಷಕ ತರಬೇತುದಾರರು

ಹೆತ್ತವರೇ ತಮ್ಮ ಮಕ್ಕಳ ತಂಡಕ್ಕೆ ತರಬೇತಿ ಕೊಡುವ ವಿಚಾರ ಬಂದಾಗ ತಪ್ಪದೆ ಉಲ್ಲೇಖಗೊಳ್ಳುವುದು ಮೌರೀನ್ ವೈಸ್ ಮತ್ತು ಸೂಸನ್ ಫ್ರೆಟ್‌ವೆಲ್ ಅವರ 2005ರ ಅಧ್ಯಯನ. ಫುಟ್‌ಬಾಲ್ ಆಡುವ ಹುಡುಗರು, ಅವರಿಗೆ ತರಬೇತಿ ಕೊಡುವ ತಂದೆಯರು ಮತ್ತು ಜೊತೆಯ ಆಟಗಾರರನ್ನು ಅವರು ಮಾತನಾಡಿಸಿದ್ದರು. ತಂದೆಯೊಂದಿಗೆ ಕಳೆಯುವ ಹೊತ್ತು, ಮೆಚ್ಚುಗೆ, ಆಟದ ಒಳತಿಳಿವಳಿಕೆ ಮಕ್ಕಳಿಗೆ ಲಾಭವೆನಿಸಿತ್ತು. ಒತ್ತಡ ಮತ್ತು ಕಟುಟೀಕೆ ನಷ್ಟವೆನಿಸಿತ್ತು. ಇಷ್ಟರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಚೌಕಟ್ಟಿನ ಬಗ್ಗೆ. ಈ ಬಗೆಯ ಅಧ್ಯಯನಗಳು ತೊಡಕಿನ ಮೂಲವನ್ನು ಮುಖ್ಯವಾಗಿ ತಂದೆ ಮಗನ ಸಂಬಂಧದೊಳಗೆ ಹುಡುಕುತ್ತವೆ. ನಮ್ಮ ಶಾಲೆಗಳಲ್ಲಿ ಆ ಮೂಲ ತಂಡವನ್ನು ಆರಿಸುವ ಅಧಿಕಾರದಲ್ಲಿದೆ ಎಂಬುದು ನನ್ನ ವಾದ.

ಮೊದಲು ಪೋಷಕರು ಮೈದಾನಕ್ಕೆ ಏಕೆ ಇಳಿಯುತ್ತಾರೆಂದು ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ 6ರಿಂದ 8ನೇ ತರಗತಿಗಳಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ಅದು ಹೇಳುವುದು ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. ಮಲೆನಾಡಿನ ಸಾಗರ ತಾಲ್ಲೂಕಿನ ಬ್ಯಾಕೋಡಿನ ಸುತ್ತಮುತ್ತ ಕಾಡು, ಅಡಿಕೆ ತೋಟಗಳ ನಡುವೆ ಮನೆಗಳು ಚದುರಿರುವುದರಿಂದ ಒಂದೇ ಶಾಲೆಗೆ ಅಷ್ಟು ಮಕ್ಕಳು ಸಿಗುವುದು ಕಷ್ಟ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಈ ಸೀಮೆಯನ್ನು ಸಾಗರ ಪೇಟೆಯಿಂದ ಬೇರ್ಪಡಿಸಿತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವವರೆಗೆ ಸಾಗರಕ್ಕೆ ಹೋಗಲು ಲಾಂಚ್ ಹತ್ತಬೇಕಿತ್ತು, ಇಲ್ಲವೇ ಸುತ್ತುದಾರಿ ಹಿಡಿಯಬೇಕಿತ್ತು. ಇಂಥ ಕಡೆ ಪಿ.ಟಿ. ಮೇಷ್ಟ್ರಿಲ್ಲದ ಶಾಲೆಯಲ್ಲಿ, ಒಂದು ಕಾಲಕ್ಕೆ ಕಬಡ್ಡಿ ಆಡಿದ್ದ ಅಪ್ಪನೊಬ್ಬ ಸಂಜೆ ಅಂಕಣದ ಗೆರೆ ಎಳೆಯದಿದ್ದರೆ ತಂಡವೇ ಇರುವುದಿಲ್ಲ. ಅವನು ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಹುಟ್ಟುವುದೇ ಇಲ್ಲ.

ಚರ್ಚೆ ಹುಟ್ಟುವುದು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಪಟ್ಟಿ ಬರೆಯುವಾಗ. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು 7 ಮಂದಿ. ಒಳ್ಳೆಯ ರೈಡರ್ ಯಾರು, ಕಾಲು ಹಿಡಿದರೆ ಬಿಡದವನು ಯಾರು ಎಂಬುದು ಊರಿಗೇ ಗೊತ್ತಿರುತ್ತದೆ. ಐದಾರು ಹೆಸರುಗಳಿಗೆ ಯಾರ ತಕರಾರೂ ಬರುವುದಿಲ್ಲ. ಉಳಿಯುವುದು ಒಂದು ಕಾರ್ನರ್. ಅದಕ್ಕೆ ಸರಿಸಮನಾದ ಇಬ್ಬರು ಹುಡುಗರಿದ್ದಾರೆ, ಒಬ್ಬ ತರಬೇತಿ ಕೊಟ್ಟವನ ಮಗ ಎಂದುಕೊಳ್ಳಿ. ಮಗನನ್ನು ಹಾಕಿದರೆ ಊರು ಆಡಿಕೊಳ್ಳುತ್ತದೆ. ಆ ಮಾತಿಗೆ ಅಂಜಿ ಮಗನನ್ನು ಕೂರಿಸಿದರೆ ಹುಡುಗನಿಗೆ ಅನ್ಯಾಯ. ಅಪ್ಪ ಎಷ್ಟೇ ನ್ಯಾಯವಂತನಾಗಿದ್ದರೂ ಈ ಇಕ್ಕಟ್ಟು ತಪ್ಪದು. ವೈಸ್ ಮತ್ತು ಫ್ರೆಟ್‌ವೆಲ್ ದಾಖಲಿಸಿದ ಒತ್ತಡದ ಒಂದು ಪಾಲಾದರೂ ಇಲ್ಲಿಂದಲೇ ಬರುತ್ತದೆ ಎಂದು ನನಗನಿಸುತ್ತದೆ.

ಕರ್ನಾಟಕದ ಎರಡು ಪ್ರಸಿದ್ಧ ನಿದರ್ಶನಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಪ್ರಕಾಶ್ ಪಡುಕೋಣೆಯವರಿಗೆ ಆಟ ಹಿಡಿಸಿದವರು ತಂದೆ ರಮೇಶ್ ಪಡುಕೋಣೆ. ಅವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯೂ ಆಗಿದ್ದರು. ಹಾಗಿದ್ದೂ 1962ರ ರಾಜ್ಯ ಜೂನಿಯರ್ ಪಂದ್ಯಾವಳಿಯಲ್ಲಿ ಬಾಲಕ ಪ್ರಕಾಶ್ ಮೊದಲ ಸುತ್ತಿನಲ್ಲೇ ಸೋತರು, ಎರಡು ವರ್ಷದ ಬಳಿಕ ಅದೇ ಪ್ರಶಸ್ತಿ ಗೆದ್ದರು. ಸಂಸ್ಥೆಯಲ್ಲಿ ತಂದೆಗೆ ಅಧಿಕಾರವಿತ್ತು, ಅಂಕದ ಮೇಲೆ ಇರಲಿಲ್ಲ. 1980ರ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಯಾರೂ ಅಪ್ಪನ ಲೆಕ್ಕಕ್ಕೆ ಬರೆಯಲಿಲ್ಲ.

ಎರಡನೆಯ ನಿದರ್ಶನ ಕ್ರಿಕೆಟ್‌ನದು. ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದಾಗ ತಂದೆ ರೋಜರ್ ಬಿನ್ನಿ ರಾಷ್ಟ್ರೀಯ ಆಯ್ಕೆಗಾರರಾಗಿದ್ದರು. ಮಗನ ಹೆಸರು ಚರ್ಚೆಗೆ ಬಂದಾಗ ರೋಜರ್ ಸಭೆಯಿಂದ ಹೊರಗುಳಿಯುತ್ತಿದ್ದರು ಎಂಬುದು ಆಗಿನ ವರದಿ. 2014ರ ಜೂನ್‌ನಲ್ಲಿ ಢಾಕಾದ ಮೀರ್‌ಪುರದಲ್ಲಿ ಸ್ಟುವರ್ಟ್ 4 ರನ್‌ಗೆ 6 ವಿಕೆಟ್ ಕಿತ್ತು, ಅನಿಲ್ ಕುಂಬ್ಳೆಯವರ 12 ರನ್‌ಗೆ 6 ವಿಕೆಟ್‌ನ ದಾಖಲೆ ಮುರಿದರು. ಆದರೂ ಅನುಮಾನದ ಮಾತು ನಿಲ್ಲಲಿಲ್ಲ. 2015ರಲ್ಲಿ ಹಿತಾಸಕ್ತಿ ಸಂಘರ್ಷದ ಪ್ರಶ್ನೆಯ ನಡುವೆ ರೋಜರ್ ಸಮಿತಿಯಿಂದ ಹೊರಬಂದರು. ಅನುಮಾನದ ಭಾರ ಹೊತ್ತವರು ಆಡಿದ ಮಗ. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಹೀಗಾಗಿ ನನ್ನ ಪ್ರತಿಪಾದನೆ: ಕಲಿಸುವ ಕೆಲಸ ಪೋಷಕರಲ್ಲೇ ಇರಲಿ, ಆರಿಸುವ ಕೆಲಸ ಇರಬಾರದು. ಈ ಮಾತಿಗೆ ಮಿತಿಗಳಿವೆ. ಬಿನ್ನಿ ನಿದರ್ಶನದಲ್ಲಿ ತಂದೆ ತರಬೇತುದಾರರಾಗಿರಲಿಲ್ಲ. ವೃತ್ತಿಪರ ಕ್ರಿಕೆಟ್‌ನಿಂದ ಹಳ್ಳಿಯ ಶಾಲೆಗೆ ನೇರವಾಗಿ ಜಿಗಿಯಲಾಗದು. ಓಟ, ಜಿಗಿತಗಳಲ್ಲಿ ಗಡಿಯಾರ ಮತ್ತು ಅಳತೆಪಟ್ಟಿಯೇ ಆರಿಸುತ್ತವೆ, ಅಲ್ಲಿ ಈ ವಾದಕ್ಕೆ ಹೆಚ್ಚು ಕೆಲಸವಿಲ್ಲ. ತಂಡಕ್ಕೆ ಬೇಕಾದಷ್ಟು ಮಕ್ಕಳೂ ಸಿಗದ ಶಾಲೆಯಲ್ಲಿ ಆಯ್ಕೆ ಎಂಬುದೇ ಬರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಗೆ ಪಟ್ಟಿ ಒಪ್ಪಿಸಬಹುದು ಎನ್ನುವವರಿದ್ದಾರೆ. ಆದರೆ ಅದರ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕೆಂದು ಕಾಯ್ದೆಯೇ ಹೇಳುವುದರಿಂದ, ಇಕ್ಕಟ್ಟು ಒಬ್ಬ ಅಪ್ಪನಿಂದ ಹಲವು ಅಪ್ಪಂದಿರಿಗೆ ವರ್ಗಾವಣೆಯಾಗುತ್ತದೆ ಅಷ್ಟೆ. ನೆರೆಯ ಶಾಲೆಯ ಶಿಕ್ಷಕರೊಬ್ಬರು ಒಂದು ಸಂಜೆ ಬಂದು ಆಟ ನೋಡಿ ಕೊನೆಯ ಹೆಸರುಗಳನ್ನು ಬರೆಯುವುದು ಇದಕ್ಕಿಂತ ಮೇಲು.

ಒಂದು ಪ್ರಶ್ನೆ ಉಳಿದಿದೆ. ವೈಸ್ ಮತ್ತು ಫ್ರೆಟ್‌ವೆಲ್ ನೋಡಿದ್ದು ತಂದೆಯರನ್ನು ಮತ್ತು ಗಂಡುಮಕ್ಕಳನ್ನು. ನಾನಿಲ್ಲಿ ಬಳಸಿದ ನಿದರ್ಶನಗಳೂ ಹಾಗೆಯೇ. ಹೆಣ್ಣುಮಕ್ಕಳ ಖೋ ಖೋ, ಥ್ರೋಬಾಲ್ ತಂಡಗಳಿಗೆ ತಾಯಂದಿರು ತರಬೇತಿ ಕೊಟ್ಟರೆ ಈ ವಾದ ನಿಲ್ಲುತ್ತದೆಯೇ ಎಂಬುದನ್ನು ಮಲೆನಾಡಿನ ಶಾಲೆಗಳಲ್ಲೇ ಕೂತು ಯಾರಾದರೂ ಪರೀಕ್ಷಿಸಬೇಕಾಗಿದೆ.